ಮಳೆಯಿಲ್ಲದ ತಿಂಗಳಿಗೂ ನೀರು: ಸರ್ ಎಂ. ವಿಶ್ವೇಶ್ವರಯ್ಯ

ಮಕ್ಕಳೇ, ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 700 ಮಿ.ಮೀ. ಮಳೆಯಾಗುತ್ತದೆ. ಸರಾಸರಿ ಎಂದರೆ ಹಲವು ವರ್ಷಗಳ ಮಳೆಯನ್ನು ಕೂಡಿಸಿ, ವರ್ಷಗಳ ಸಂಖ್ಯೆಯಿಂದ ಭಾಗಿಸಿದ್ದು. ಆದರೆ ಎಲ್ಲ ತಿಂಗಳೂ ಮಳೆ ಒಂದೇ ಸಮವಲ್ಲ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚು; ಜನವರಿ, ಫೆಬ್ರವರಿಯಲ್ಲಿ ತೀರಾ ಕಡಿಮೆ.

ಈ ಏರುಪೇರಿಗೆ ಪರಿಹಾರ ಹುಡುಕಿದವರಲ್ಲಿ ವಿಶ್ವೇಶ್ವರಯ್ಯನವರು ಪ್ರಮುಖರು. ಅವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಆಗ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಕುಗ್ಗುತ್ತಿತ್ತು. ಮಳೆ ಕೈಕೊಟ್ಟರೆ ಬೆಳೆ ಒಣಗುತ್ತಿತ್ತು. ಮುಂಗಾರಿನಲ್ಲಿ ಕೊಡಗಿನಿಂದ ಹರಿದುಬರುವ ನೀರನ್ನು ಹಿಡಿದಿಟ್ಟು, ಕೊರತೆಯ ತಿಂಗಳುಗಳಲ್ಲಿ ಬಳಸುವುದು ಅವರ ಯೋಜನೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೂ ಅವರು ಅದನ್ನು ಮುಂದುವರಿಸಿದರು. ಕಟ್ಟೆಯ ನೀರಿನಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. ಆ ನಾಲೆಗೆ ಇಂದು ಅವರದೇ ಹೆಸರು. 1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ನಿಧನರಾದರು.

ಕಟ್ಟೆಗೂ ಮಳೆಯೇ ಆಸರೆ. ಮುಂಗಾರು ಸರಾಸರಿಗಿಂತ ಬಹಳ ಕಡಿಮೆಯಾದ 2023ರಲ್ಲಿ ಅದು ತುಂಬಲಿಲ್ಲ. ನಿಮ್ಮೂರಿನ ಈ ತಿಂಗಳ ಮಳೆ ಸರಾಸರಿಗಿಂತ ಹೆಚ್ಚೋ, ಕಡಿಮೆಯೋ? ಅಳೆದು ನೋಡಿ.