ಡ್ರಾಕುಲಾ ಬರೆದ ಗುಮಾಸ್ತ

ಹಾಸ್ಟೆಲ್ ರೂಮಿನಲ್ಲಿ ಟ್ವೈಲೈಟ್ ಹಿಡಿದು ಕೂತವರನ್ನು ಕಂಡರೆ ಪಕ್ಕದವರಿಗೆ ನಗು. ಕೆಪಿಎಸ್‌ಸಿ ಗೈಡ್ ಬದಿಗಿಟ್ಟು ರಕ್ತ ಕುಡಿಯುವ ಹುಡುಗನ ಲವ್ ಸ್ಟೋರಿ ಓದುವುದಾ ಎಂದು ಕಾಲೆಳೆಯುತ್ತಾರೆ. ಆದರೆ ಈ ವ್ಯಾಂಪೈರ್ ಕಾದಂಬರಿಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಒಬ್ಬ ಸರ್ಕಾರಿ ಗುಮಾಸ್ತ. ಹೆಸರು ಬ್ರಾಮ್ ಸ್ಟೋಕರ್.

ಹುಟ್ಟಿದ್ದು 1847ರ ನವೆಂಬರ್ 8ರಂದು, ಐರ್ಲೆಂಡಿನ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್‌ನಲ್ಲಿ. ಅದೇನು ಕಾಯಿಲೆಯೋ, ಸುಮಾರು ಏಳು ವರ್ಷದವರೆಗೂ ಹುಡುಗ ಹಾಸಿಗೆ ಹಿಡಿದಿದ್ದ. ಪಕ್ಕದಲ್ಲಿ ಕೂತು ಅಮ್ಮ ಕಥೆ ಹೇಳುತ್ತಿದ್ದಳು. 1832ರಲ್ಲಿ ತನ್ನೂರು ಸ್ಲೈಗೋಗೆ ಕಾಲರಾ ಬಂದದ್ದು, ಉಸಿರಿರುವಾಗಲೇ ಜನರನ್ನು ಹೂಳಿದ್ದು. ಮಗುವಿಗೆ ಹೇಳುವ ಕಥೆಯೇ ಅದು! ಆದರೂ ಹುಡುಗ ಚೇತರಿಸಿಕೊಂಡ. ಚೇತರಿಸಿಕೊಂಡದ್ದಷ್ಟೇ ಅಲ್ಲ, ಟ್ರಿನಿಟಿ ಕಾಲೇಜಿನಲ್ಲಿ ಒಳ್ಳೆಯ ಅಥ್ಲೀಟ್ ಎನಿಸಿಕೊಂಡ.

ಅಪ್ಪ ಡಬ್ಲಿನ್ ಕ್ಯಾಸಲ್‌ನ ಸರ್ಕಾರಿ ಕಚೇರಿಯಲ್ಲಿ ನೌಕರ. ಮಗನೂ ಅಲ್ಲೇ ಸೇರಿದ. ಆತನ ಮೊದಲ ಪುಸ್ತಕ ಯಾವುದು ಗೊತ್ತೇ? ಐರ್ಲೆಂಡಿನ ಕೆಳ ನ್ಯಾಯಾಲಯಗಳ ಗುಮಾಸ್ತರು ಹೇಗೆ ಕೆಲಸ ಮಾಡಬೇಕು ಎಂಬ ಕೈಪಿಡಿ. ಬಂದದ್ದು 1879ರಲ್ಲಿ. ಭೂತವೂ ಇಲ್ಲ, ಪ್ರೇತವೂ ಇಲ್ಲ.

ಹಗಲು ಫೈಲು, ಸಂಜೆ ನಾಟಕ. ಡಬ್ಲಿನ್ನಿನ ಒಂದು ಪತ್ರಿಕೆಗೆ ಬಿಡಿಗಾಸೂ ಪಡೆಯದೆ ನಾಟಕ ವಿಮರ್ಶೆ ಬರೆಯುತ್ತಿದ್ದ. ಆ ಪತ್ರಿಕೆಯ ಒಡೆತನದಲ್ಲಿ ಪಾಲಿದ್ದ ಶೆರಿಡನ್ ಲೆ ಫಾನು 1872ರಲ್ಲಿ ಕಾರ್ಮಿಲ್ಲಾ ಎಂಬ ಕಥೆಯನ್ನು ಪುಸ್ತಕದಲ್ಲಿ ತಂದ. ಅದರಲ್ಲಿ ವ್ಯಾಂಪೈರ್ ಒಬ್ಬ ಯುವತಿ. ಆಕೆ ಹತ್ತಿರವಾಗುವುದು ಪ್ರೀತಿಯ ಮಾತಾಡುತ್ತಲೇ.

ಓದುಗನಾಗಿಯೂ ಸ್ಟೋಕರ್ ಗಟ್ಟಿಗ. ಅಮೆರಿಕದ ಕವಿ ವಾಲ್ಟ್ ವಿಟ್ಮನ್‌ನನ್ನು ಅಶ್ಲೀಲ ಎಂದು ಕಾಲೇಜಿನಲ್ಲಿ ಎಲ್ಲರೂ ಗೇಲಿ ಮಾಡುತ್ತಿದ್ದಾಗ ಈತ ಪರ ನಿಂತ. 1872ರಲ್ಲಿ ಕವಿಗೆ ಉದ್ದನೆಯ ಪತ್ರ ಬರೆದ, ತನ್ನ ಎತ್ತರ, ತೂಕ, ಮುಖಚಹರೆ ಸಮೇತ. ಆದರೆ ಕಳಿಸಲು ಧೈರ್ಯ ಬರಲಿಲ್ಲ. ಪತ್ರ ನಾಲ್ಕು ವರ್ಷ ಹಾಗೇ ಬಿದ್ದಿತ್ತು. 1876ರ ಫೆಬ್ರುವರಿ 14ರ ರಾತ್ರಿ, ವಿಟ್ಮನ್ ಪರ ಒಂದು ವಾದ ಮಾಡಿ ಬಂದವನು, ಅದನ್ನು ಕಳಿಸಿಯೇಬಿಟ್ಟ. ಕವಿಯಿಂದ ಪ್ರೀತಿಯ ಉತ್ತರವೂ ಬಂತು. ಮೆಸೇಜ್ ಟೈಪ್ ಮಾಡಿ ಡಿಲೀಟ್ ಮಾಡುವವರಿಗೆ ಈತ ಹತ್ತಿರದ ನೆಂಟ.

ಅದೇ ವರ್ಷ ಹ್ಯಾಮ್ಲೆಟ್ ನಾಟಕಕ್ಕೆ ಬರೆದ ವಿಮರ್ಶೆ ಬದುಕನ್ನೇ ತಿರುಗಿಸಿತು. ಅದನ್ನು ಓದಿದ ನಟ ಹೆನ್ರಿ ಇರ್ವಿಂಗ್ ಊಟಕ್ಕೆ ಕರೆದ, ಸ್ನೇಹ ಬೆಳೆಯಿತು. 1878ರಲ್ಲಿ ಸ್ಟೋಕರ್ ಭದ್ರವಾದ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟು, ಫ್ಲಾರೆನ್ಸ್ ಬಾಲ್ಕಂಬ್‌ಳನ್ನು ಮದುವೆಯಾಗಿ, ಇರ್ವಿಂಗ್‌ನ ಲೈಸಿಯಂ ರಂಗಮಂದಿರದ ಮ್ಯಾನೇಜರ್ ಆಗಿ ಲಂಡನ್ ಸೇರಿದ. ನಮ್ಮ ಮನೆಗಳಲ್ಲಾಗಿದ್ದರೆ ದೊಡ್ಡ ರಂಪವೇ ಆಗುತ್ತಿತ್ತು. ಲೆಕ್ಕಪತ್ರ, ಪ್ರವಾಸ, ಇರ್ವಿಂಗ್ ಪರವಾಗಿ ರಾಶಿ ರಾಶಿ ಪತ್ರ. ಹೀಗೇ 27 ವರ್ಷ.

ಡ್ರಾಕುಲಾ ಹುಟ್ಟಿದ್ದು ಈ ಕೆಲಸದ ಸಂದಿನಲ್ಲಿ, ರಜಾದಿನಗಳಲ್ಲಿ. ಟಿಪ್ಪಣಿ ಶುರುವಾದದ್ದು 1890ರಲ್ಲಿ. ಆ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲೂರಿಗೆ ಹೋದಾಗ, ಅಲ್ಲಿನ ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಡ್ರಾಕುಲಾ ಎಂಬ ಹೆಸರು ಕಣ್ಣಿಗೆ ಬಿತ್ತು. 1885ರಲ್ಲಿ ಅದೇ ತೀರಕ್ಕೆ ಅಪ್ಪಳಿಸಿದ್ದ ರಷ್ಯಾದ ಹಡಗಿನ ಸುದ್ದಿಯೂ ಸಿಕ್ಕಿತು. ಕಥೆಯಲ್ಲಿ ಪಿಶಾಚಿ ಬಂದಿಳಿಯುವುದು ಅಂಥದ್ದೇ ಹಡಗಿನಲ್ಲಿ. ಟ್ರಾನ್ಸಿಲ್ವೇನಿಯಾಕ್ಕೆ ಸ್ಟೋಕರ್ ಒಮ್ಮೆಯೂ ಹೋಗಲಿಲ್ಲ. ಎಲ್ಲ ಓದಿನಿಂದ ಕಟ್ಟಿದ್ದು. ಏಳು ವರ್ಷದ ಬಳಿಕ, 1897ರಲ್ಲಿ ಕಾದಂಬರಿ ಹೊರಬಂತು.

ನನಗೆ ಅದರಲ್ಲಿ ಕೌಂಟ್‌ಗಿಂತ ಇಷ್ಟವಾಗುವವಳು ಮೀನಾ. ಶಾಲೆಯಲ್ಲಿ ಪಾಠ ಹೇಳುತ್ತಾ ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿಯುವ ಹುಡುಗಿ. ಎಲ್ಲರ ಡೈರಿ, ಪತ್ರ, ತಂತಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಟೈಪ್ ಮಾಡುವವಳು ಅವಳೇ. ಆ ಕಡತ ಇಲ್ಲದಿದ್ದರೆ ಡ್ರಾಕುಲಾನನ್ನು ಹಿಡಿಯಲು ಆ ಗಂಡಸರಿಂದ ಆಗುತ್ತಿರಲಿಲ್ಲ. ಗುಮಾಸ್ತ ಬರೆದ ಕಾದಂಬರಿ ಎಂದು ಗೊತ್ತಾಗುವುದೇ ಇಲ್ಲಿ.

ಪುಸ್ತಕಕ್ಕೆ ಹೆಸರು ಬಂತು, ದುಡ್ಡು ಅಷ್ಟಾಗಿ ಬರಲಿಲ್ಲ. 1905ರಲ್ಲಿ ಇರ್ವಿಂಗ್ ತೀರಿಕೊಂಡ ಮೇಲೆ ಕಾಯಂ ಸಂಬಳ ನಿಂತಿತು, ಆರೋಗ್ಯ ಕೆಟ್ಟಿತು. 1911ರಲ್ಲಿ ಬಡ ಲೇಖಕರ ನಿಧಿಗೆ ಸಹಾಯ ಕೋರಿ ಅರ್ಜಿ ಹಾಕಬೇಕಾಯಿತು. 1912ರ ಏಪ್ರಿಲ್ 20ರಂದು ಸ್ಟೋಕರ್ ಸತ್ತ. ಟೈಟಾನಿಕ್ ಮುಳುಗಿ ಐದೇ ದಿನ ಆಗಿತ್ತು.

1922ರಲ್ಲಿ ಜರ್ಮನಿಯಲ್ಲಿ ಅನುಮತಿಯೇ ಇಲ್ಲದೆ ಈ ಕಥೆಯನ್ನು ನಾಸ್ಫೆರಾಟು ಎಂಬ ಸಿನಿಮಾ ಮಾಡಿದರು. ಫ್ಲಾರೆನ್ಸ್ ಕೋರ್ಟಿಗೆ ಹೋಗಿ ಗೆದ್ದಳು, ಪ್ರತಿಗಳನ್ನೆಲ್ಲ ನಾಶಮಾಡಲು ಆದೇಶವಾಯಿತು. ಆದರೂ ಕೆಲವು ಉಳಿದುಕೊಂಡವು. ಬಿಸಿಲು ತಾಗಿದರೆ ವ್ಯಾಂಪೈರ್ ಸಾಯುತ್ತದೆ ಎಂಬ ಕಲ್ಪನೆ ಹರಡಿದ್ದು ಆ ಸಿನಿಮಾದಿಂದ. ಟ್ವೈಲೈಟ್‌ನ ಎಡ್ವರ್ಡ್ ಬಿಸಿಲಲ್ಲಿ ಸಾಯದೆ ಮಿನುಗುತ್ತಾನೆ, ಇದೆಂಥ ವ್ಯಾಂಪೈರ್ ಎಂದು ಯಾರಾದರೂ ನಕ್ಕರೆ ಸ್ಟೋಕರ್‌ನ ಪುಸ್ತಕ ಕೈಗೆ ಕೊಡಿ. ಅದರಲ್ಲಿ ಡ್ರಾಕುಲಾ ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಹಾಡಹಗಲೇ ನಿಂತು, ಕುದುರೆಗಾಡಿಯಲ್ಲಿ ಕೂತ ಹುಡುಗಿಯೊಬ್ಬಳನ್ನೇ ನೋಡುತ್ತಿರುತ್ತಾನೆ.