ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರು

ತಾಯಿ ಶಾರದೆಯ ಕೈಯಲ್ಲಿ ವೀಣೆ ಇರುವುದನ್ನು ಪಟದಲ್ಲಿ ನೋಡಿ ನಾವೆಲ್ಲರೂ ಕೈ ಮುಗಿದಿದ್ದೇವೆ. ಆ ವೀಣೆಗಾಗಿಯೇ ಬಾಳನ್ನು ಮುಡಿಪಾಗಿಟ್ಟ ಪುಣ್ಯಾತ್ಮರು ಮೈಸೂರಿನ ವೀಣೆ ಶೇಷಣ್ಣನವರು.

ಇವರು ಹುಟ್ಟಿದ್ದು 1852ರಲ್ಲಿ. ಮನೆತನವೇ ವೀಣೆಯದು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾಗಿದ್ದರು. ಒಮ್ಮೆ ಅರಮನೆಯಲ್ಲಿ ಪರಸ್ಥಳದ ವಿದ್ವಾಂಸರೊಬ್ಬರು ಹಾಡಿದ ಕಷ್ಟದ ಪಲ್ಲವಿಯನ್ನು ಬಾಲಕ ಶೇಷಣ್ಣ ಹಾಗೆಯೇ ಹಾಡಿ ತೋರಿಸಲಾಗಿ, ಮಹಾರಾಜರು ಮೆಚ್ಚಿ ಮುತ್ತಿನ ಹಾರ ಹಾಕಿದರಂತೆ. ಆದರೆ ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹುಡುಗ ಧೈರ್ಯಗೆಡಲಿಲ್ಲ. ದೊಡ್ಡ ಶೇಷಣ್ಣನವರಲ್ಲಿ ವೀಣೆಯನ್ನೂ, ಮೈಸೂರು ಸದಾಶಿವರಾಯರಲ್ಲಿ ಹಾಡುಗಾರಿಕೆಯನ್ನೂ ಕಲಿತರು.

ವೀಣೆ ಸುಲಭದ ವಿದ್ಯೆಯಲ್ಲ. 24 ಮೆಟ್ಟಿಲು, ನುಡಿಸಲು 4 ತಂತಿ, ತಾಳಕ್ಕೆ 3 ತಂತಿ. ಎಡಗೈ ಬೆರಳು ಮೆಟ್ಟಿಲ ಮೇಲೆ ಓಡಾಡುತ್ತಾ ತಂತಿಯನ್ನು ಎಳೆದು ಗಮಕ ಹಿಡಿಯಬೇಕು. ಬಲಗೈ ತೋರುಬೆರಳು, ನಡುಬೆರಳು ಮೀಟಬೇಕು, ಕಿರುಬೆರಳು ತಾಳ ನೋಡಿಕೊಳ್ಳಬೇಕು. ಎಳೆತ ಕೂದಲೆಳೆಯಷ್ಟು ಹೆಚ್ಚಾದರೂ ಸ್ವರ ಕೆಟ್ಟುಹೋಗುತ್ತೆ. ತಂತಿ ಒತ್ತಿ ಒತ್ತಿ ಬೆರಳ ತುದಿ ಜಡ್ಡುಗಟ್ಟುವ ತನಕ ನಾದ ಕೈಗೆ ಸಿಕ್ಕುವುದಿಲ್ಲ. ಇಂತಹ ವಿದ್ಯೆ ಶೇಷಣ್ಣನವರಿಗೆ ಸಾಧನೆಯಿಂದ ಒಲಿಯಿತು. ಪಿಟೀಲು, ಸ್ವರಬತ್, ಜಲತರಂಗ, ಪಿಯಾನೋ ಸಹ ಅವರ ಕೈಗೆ ಬಗ್ಗಿದವು.

ಚಾಮರಾಜ ಒಡೆಯರು, ನಾಲ್ವಡಿ ಕೃಷ್ಣರಾಜ ಒಡೆಯರು ಇಬ್ಬರ ಆಸ್ಥಾನದಲ್ಲೂ ಮೆರೆದು ವೈಣಿಕ ಶಿಖಾಮಣಿ ಎನಿಸಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆಯೂ ನುಡಿಸಿದರು.

ಇಷ್ಟಾದರೂ ಅಹಂಕಾರ ಅವರ ಹತ್ತಿರ ಸುಳಿಯಲಿಲ್ಲ. ಬರೋಡಾ ಮಹಾರಾಜರು ಇವರ ವಾದನಕ್ಕೆ ಮನಸೋತು, ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಲು ಏರ್ಪಾಡು ಮಾಡಿದರಂತೆ. ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನು ಕೂರಿಸಿ, ತಾವು ಪಕ್ಕದಲ್ಲಿ ನಡೆದುಕೊಂಡೇ ಬಂದರೆಂದು ಹಿರಿಯರು ಹೇಳುತ್ತಾರೆ. ಮರ್ಯಾದೆ ಸಲ್ಲಬೇಕಾದ್ದು ವಿದ್ಯೆಗೆ, ತನಗಲ್ಲ ಎಂಬುದು ಅವರ ಭಾವ.

1926ರಲ್ಲಿ ಶೇಷಣ್ಣನವರು ದೈವಾಧೀನರಾದರು. ಆದರೆ ಆ ಕೈಚಳಕ ಅವರೊಂದಿಗೆ ಹೋಗಲಿಲ್ಲ. ಶಿಷ್ಯರಾದ ವೆಂಕಟಗಿರಿಯಪ್ಪನವರಿಗೆ ಬಂತು, ಅವರಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಬಂತು. ಹೀಗೆ ಕೈಯಿಂದ ಕೈಗೆ ಸಾಗಿ ಮೈಸೂರು ಬಾನಿ ಉಳಿಯಿತು.

ಮಡಕೆ ಮಾಡುವ ಕೈಯಾಗಲಿ, ಹೂ ಕಟ್ಟುವ ಕೈಯಾಗಲಿ, ವೀಣೆ ನುಡಿಸುವ ಕೈಯಾಗಲಿ, ಕೈಯ ಕಸುಬು ದೇವರು ಕೊಟ್ಟ ಪ್ರಸಾದ. ಪ್ರಸಾದವನ್ನು ಒಬ್ಬರೇ ಇಟ್ಟುಕೊಳ್ಳಬಾರದು, ಹಂಚಬೇಕು. ಶೇಷಣ್ಣನವರು ಬದುಕಿ ತೋರಿಸಿದ್ದು ಇದನ್ನೇ.