ಕೊಯಮತ್ತೂರಿನ ಆರ್. ಕೆ. ಷಣ್ಮುಖಂ ಚೆಟ್ಟಿ: ಸಾಲದ ಲೆಕ್ಕ ಬರೆದವರು, ಪಟ್ಟಿಯೊಂದರಿಂದ ಕುರ್ಚಿ ಬಿಟ್ಟವರು



ಈಚೆಗೆ ನಮ್ಮ ಮಾಸಿಕ ಸಭೆಗಳಲ್ಲಿ ಮೂರು ವಿಷಯಗಳ ಮೇಲೆ ಜಗಳ ತಪ್ಪುತ್ತಿಲ್ಲ. ಸರ್ಕಾರ ಮಾಡಿರುವ ಸಾಲ ಒಂದು, ಚರ್ಚೆಯೇ ಇಲ್ಲದೆ ಪಾಸಾಗುವ ಮಸೂದೆಗಳು ಇನ್ನೊಂದು, ಜನರ ಫೋನು ಪತ್ರಗಳ ಮೇಲೆ ಸರ್ಕಾರ ಇಡುವ ಕಣ್ಣು ಮತ್ತೊಂದು. ಕುನ್ನತ್ತೂರಿನವರು ಒಂದು ಪಕ್ಷ ಹಿಡಿದರೆ ಸತ್ಯಮಂಗಲದವರು ಇನ್ನೊಂದು ಪಕ್ಷ ಹಿಡಿಯುತ್ತಾರೆ, ತಾಳವಾಡಿಯವರು ಇಬ್ಬರನ್ನೂ ಬೈಯುತ್ತಾರೆ. ಮಾತು ಬೆಳೆದಂತೆ ವಿಷಯ ಹಿಂದೆ ಬಿದ್ದು, ಯಾವ ಪಕ್ಷ ಒಳ್ಳೆಯದು ಎಂಬುದಷ್ಟೇ ಉಳಿಯುತ್ತದೆ. ಆದ್ದರಿಂದ ಈ ಬಾರಿಯ ಸ್ಮರಣೆ ಅಂಕಣಕ್ಕೆ, ಈ ಮೂರೂ ಜಗಳಗಳ ನಡುವೆಯೇ ಬಾಳಿದ ನಮ್ಮ ಸೀಮೆಯ ಒಬ್ಬ ದೊಡ್ಡ ಮನುಷ್ಯರನ್ನು ಆರಿಸಿಕೊಂಡಿದ್ದೇವೆ. ಅವರು ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ ಸರ್ ಆರ್. ಕೆ. ಷಣ್ಮುಖಂ ಚೆಟ್ಟಿ.

ಅವರು ಕನ್ನಡದ ಕೆಲಸ ಮಾಡಿದವರಲ್ಲ. ತಮಿಳಿಗಾಗಿ ದುಡಿದವರು, ತಮಿಳು ಇಸೈ ಚಳವಳಿಗೆ ಬೆಂಬಲವಾಗಿ ನಿಂತವರು. ಕನ್ನಡ ಸಂಘದ ಪತ್ರಿಕೆಯಲ್ಲಿ ಅವರಿಗೇಕೆ ಜಾಗ ಎಂದು ಕೆಲವರು ಕೇಳಬಹುದು. ಕಾರಣವಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯ ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಇಲ್ಲೇ ಉಳಿಯಿತು. ಚೆಟ್ಟಿಯವರು ದೆಹಲಿಯ ಕೇಂದ್ರ ಶಾಸನಸಭೆಗೆ ಆರಿಸಿಹೋದದ್ದು ಸೇಲಂ, ಕೊಯಮತ್ತೂರು, ಉತ್ತರ ಆರ್ಕಾಟು ಜಿಲ್ಲೆಗಳು ಸೇರಿದ ಕ್ಷೇತ್ರದಿಂದ. ಆಗ ಆಸ್ತಿ, ತೆರಿಗೆ ಇದ್ದವರಿಗೆ ಮಾತ್ರ ಮತ. ಮತವಿದ್ದರೂ ಇಲ್ಲದಿದ್ದರೂ ಕೊಳ್ಳೇಗಾಲದಿಂದ ಕುನ್ನತ್ತೂರಿನವರೆಗಿನ ಕನ್ನಡದ ಮನೆಗಳಿಗೆಲ್ಲ ದೆಹಲಿಯಲ್ಲಿ ಆ ಕ್ಷೇತ್ರದ ಪ್ರತಿನಿಧಿ ಅವರೇ.

ಅವರು ಹುಟ್ಟಿದ್ದು ಕೊಯಮತ್ತೂರಿನಲ್ಲಿ, 1892ರ ಅಕ್ಟೋಬರ್ 17ರಂದು. ವ್ಯಾಪಾರ, ಗಿರಣಿಗಳ ಅನುಕೂಲಸ್ಥ ಮನೆತನ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಅಲ್ಲೇ ಕಾನೂನು ಕಾಲೇಜಿನಿಂದ ಪದವಿ ಪಡೆದರು. 1917ರಲ್ಲಿ ಕೊಯಮತ್ತೂರು ಪುರಸಭೆಯ ಉಪಾಧ್ಯಕ್ಷರಾದರು. 1920ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಹೋದಾಗ ಅವರು ಜಸ್ಟಿಸ್ ಪಕ್ಷದವರು. ಎರಡು ವರ್ಷಕ್ಕೇ ಅದನ್ನು ಬಿಟ್ಟರು. ಮುಂದೆ ಮೋತಿಲಾಲ್ ನೆಹರೂ, ಚಿತ್ತರಂಜನ ದಾಸರ ಸ್ವರಾಜ್ಯ ಪಕ್ಷ ಸೇರಿ ಕೇಂದ್ರ ಶಾಸನಸಭೆಗೆ ಬಂದರು, ಆ ಪಕ್ಷದ ಮುಖ್ಯ ಸಚೇತಕರೂ ಆದರು. ಸಚೇತಕರೆಂದರೆ ಮತಕ್ಕೆ ಹಾಕುವ ಹೊತ್ತಿಗೆ ತಮ್ಮವರನ್ನೆಲ್ಲ ಒಟ್ಟುಗೂಡಿಸಿ ಎಣಿಸಿ ಕೂರಿಸುವವರು. ಒಂದೊಂದು ತಲೆಗೂ ಬೆಲೆಯಿದ್ದ ಕಾಲ ಅದು.

ಆ ಬೆಲೆ ಎಷ್ಟೆಂಬುದು 1928ರಲ್ಲಿ ಕಂಡಿತು. ಹೊರದೇಶಗಳಿಂದ ಬಂದ ಕಮ್ಯುನಿಸ್ಟರನ್ನು ವಿಚಾರಣೆಯಿಲ್ಲದೆ ದೇಶದಿಂದ ಹೊರಹಾಕಲು ಸರ್ಕಾರ ಸಾರ್ವಜನಿಕ ಭದ್ರತಾ ಮಸೂದೆಯನ್ನು ತಂದಿತು. ಸೆಪ್ಟೆಂಬರ್ 24ರಂದು ಮತ ಎಣಿಸಿದರೆ ಪರವಾಗಿ 61, ವಿರುದ್ಧ 61. ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲರು ತಮ್ಮ ಮತ ಹಾಕಿ ಮಸೂದೆಯನ್ನು ಬೀಳಿಸಿದರು. ಸರ್ಕಾರ ಮರುವರ್ಷ ಅದನ್ನೇ ಮತ್ತೆ ತಂದಿತು. ಅಷ್ಟರಲ್ಲಿ 1929ರ ಮಾರ್ಚಿನಲ್ಲಿ ದೇಶದ ನಾನಾ ಊರುಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಮಿಕ ಮುಖಂಡರನ್ನು ಹಿಡಿದು ಮೀರತ್ ಪಿತೂರಿ ಮೊಕದ್ದಮೆ ಹೂಡಲಾಯಿತು. ಅದರಲ್ಲಿ ಸಾಕ್ಷಿಯಾಗಿ ಹಾಜರಾದ ಕಾಗದಗಳಲ್ಲಿ ಅಂಚೆಯ ದಾರಿಯಲ್ಲೇ ಗುಟ್ಟಾಗಿ ಒಡೆದು ಓದಿದ ಪತ್ರಗಳೂ ಇದ್ದವು. 1898ರ ಅಂಚೆ ಕಾಯಿದೆಯಲ್ಲಿ ಅದಕ್ಕೆ ದಾರಿಯಿತ್ತು.

ಏಪ್ರಿಲ್ 8ರಂದು ಅದೇ ಸಭೆಯಲ್ಲಿ ಕಾರ್ಮಿಕ ವಿವಾದಗಳ ಮಸೂದೆ ಪಾಸಾಗಿ, ಭದ್ರತಾ ಮಸೂದೆಯ ಬಗ್ಗೆ ಅಧ್ಯಕ್ಷರು ತೀರ್ಪು ಹೇಳಬೇಕೆನ್ನುವಾಗ ಭಗತ್ ಸಿಂಗ್, ಬಟುಕೇಶ್ವರ ದತ್ತರು ಬಾಂಬು ಎಸೆದದ್ದು ಎಲ್ಲರಿಗೂ ಗೊತ್ತು. ಮೂರು ದಿನದ ಮೇಲೆ ವಿಠ್ಠಲಭಾಯಿ, ಮೀರತ್ ಮೊಕದ್ದಮೆ ಕೋರ್ಟಿನಲ್ಲಿರುವಾಗ ಈ ಮಸೂದೆಯ ಚರ್ಚೆ ಸಲ್ಲದೆಂದು ತಡೆದರು. ವೈಸರಾಯ್ ಇರ್ವಿನ್ ಕೆಲವೇ ದಿನದಲ್ಲಿ ಅದನ್ನು ಸುಗ್ರೀವಾಜ್ಞೆಯಾಗಿ ಹೊರಡಿಸಿದರು. ಸಭೆ ಬೇಡವೆಂದದ್ದು ಹಿಂಬಾಗಿಲಿನಿಂದ ಕಾನೂನಾಯಿತು. ಚೆಟ್ಟಿಯವರು ಶಾಸನದ ಕೆಲಸ ಕಲಿತ ಪಾಠಶಾಲೆ ಈ ಸಭೆ.

ಮುಂದೆ ಆ ಸಭೆಯ ಕುರ್ಚಿಯೇ ಅವರಿಗೆ ಬಂತು. 1931ರಲ್ಲಿ ಉಪಾಧ್ಯಕ್ಷರು, 1933ರಲ್ಲಿ ಅಧ್ಯಕ್ಷರು. ರಿಸರ್ವ್ ಬ್ಯಾಂಕ್ ಮಸೂದೆ ಶಾಸನಸಭೆಯಲ್ಲಿ ಪಾಸಾದದ್ದು ಅವರು ಅಧ್ಯಕ್ಷರಾಗಿದ್ದಾಗ. ಬ್ಯಾಂಕು ಸರ್ಕಾರದ್ದಾಗಿರಬೇಕೋ ಷೇರುದಾರರದ್ದೋ ಎಂದು 1927ರಿಂದಲೂ ಪಕ್ಷಗಳು ಕಾದಾಡಿದ್ದವು. 1934ರ ಕಾಯಿದೆಯಲ್ಲಿ ಷೇರುದಾರರ ಬ್ಯಾಂಕಾಗಿ ಹುಟ್ಟಿದ ಅದನ್ನು ಸರ್ಕಾರದ ಸ್ವತ್ತಾಗಿಸುವ ತೀರ್ಮಾನವಾದದ್ದು 1948ರಲ್ಲಿ. ಆಗ ಹಣಕಾಸು ಮಂತ್ರಿಯೂ ಅವರೇ.

ಆದರೆ ಅವರಿಗೆ ರಾಜಕೀಯವಾಗಿ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 1932ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ದೇಶಗಳ ಆರ್ಥಿಕ ಸಮ್ಮೇಳನ ನಡೆಯಿತು. ಬ್ರಿಟನ್ನಿನ ಮಾಲಿಗೆ ಭಾರತ ಸುಂಕದಲ್ಲಿ ರಿಯಾಯಿತಿ ಕೊಡುವುದು, ನಮ್ಮ ಮಾಲಿಗೆ ಅವರು ಕೊಡುವುದು ಎಂದು ಒಪ್ಪಂದವಾಯಿತು. ಭಾರತದ ನಿಯೋಗದಲ್ಲಿ ಚೆಟ್ಟಿಯವರಿದ್ದರು, ಒಪ್ಪಂದವನ್ನು ಸಮರ್ಥಿಸಿದರು. ಕಾಂಗ್ರೆಸ್ಸಿಗೆ ಅದು ಒಪ್ಪಿಗೆಯಿರಲಿಲ್ಲ. 1934ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸಾಮಿ ವೆಂಕಟಾಚಲಂ ಚೆಟ್ಟಿಯವರ ಎದುರು ಸೋತರು. ಸಭೆಯ ಅಧ್ಯಕ್ಷರಾಗಿದ್ದವರು ಸದಸ್ಯರಾಗಿಯೂ ಉಳಿಯಲಿಲ್ಲ. 1936ರಲ್ಲಿ ಅದೇ ಸಭೆ ಒಟ್ಟಾವಾ ಒಪ್ಪಂದ ಬೇಡವೆಂದು ಮತ ಹಾಕಿತು.

ಅಲ್ಲಿಂದ ಅವರು ಕೊಚ್ಚಿಗೆ ದಿವಾನರಾಗಿ ಹೋದರು. 1935ರಿಂದ 1941ರವರೆಗೆ ಆ ಸಂಸ್ಥಾನದ ಆಡಳಿತ ನಡೆಸಿದರು. ಬಂದರು ಬೆಳೆದ ಕಾಲ ಅದು. 1938ರಲ್ಲಿ ಶಾಸನಸಭೆಗೆ ಜವಾಬ್ದಾರನಾದ ಒಬ್ಬ ಮಂತ್ರಿಗೆ ಕೆಲವು ಇಲಾಖೆಗಳನ್ನು ಒಪ್ಪಿಸಿದ ಏರ್ಪಾಡು ಜಾರಿಗೆ ಬಂದದ್ದೂ ಅವರ ಅವಧಿಯಲ್ಲೇ. ಎರ್ನಾಕುಳಂಗೆ ಹೋದ ನಮ್ಮ ಸದಸ್ಯರು ಕಾಯಲಿನ ದಂಡೆಯ ಷಣ್ಮುಖಂ ರಸ್ತೆಯಲ್ಲಿ ನಡೆದಿರುತ್ತಾರೆ. ಆ ಹೆಸರು ಇವರದೇ.

ಇನ್ನು ಸಾಲದ ವಿಷಯ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಭಾರತ ಸರ್ಕಾರವೇ ಲಂಡನ್ನಿನಲ್ಲಿ ಸಾಲಗಾರ. ಯುದ್ಧ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗಿ ಬಿತ್ತು. ಬ್ರಿಟನ್ ತನ್ನ ಸೈನ್ಯಕ್ಕಾಗಿ ಇಲ್ಲಿಂದ ಬಟ್ಟೆ, ಧಾನ್ಯ, ಸಾಮಾನು ಕೊಂಡು, ಅದರ ಬಾಬತ್ತನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ಲೆಕ್ಕಕ್ಕೆ ಬರೆಯುತ್ತಾ ಹೋಯಿತು. ಅದನ್ನು ಆಧಾರವಾಗಿಟ್ಟು ರಿಸರ್ವ್ ಬ್ಯಾಂಕು ಇಲ್ಲಿ ನೋಟು ಹಾಕಿತು. ನೋಟು ಹೆಚ್ಚಿತು, ಸಾಮಾನು ಕಡಿಮೆಯಾಯಿತು, ಬೆಲೆ ಏರಿತು. ಬಂಗಾಳದಲ್ಲಿ 1943ರ ಬರಗಾಲಕ್ಕೆ ಲಕ್ಷಗಟ್ಟಲೆ ಜನ ಸತ್ತರು. ಹೀಗೆ ಕೂಡಿದ ಬಾಕಿ ಸುಮಾರು 1,700 ಕೋಟಿ ರೂಪಾಯಿ. ಚರ್ಚಿಲ್ ಮತ್ತು ಅವರ ಕಡೆಯವರು, ಭಾರತವನ್ನು ಕಾಪಾಡಿದ್ದಕ್ಕೆ ಪ್ರತಿಯಾಗಿ ಈ ಬಾಕಿಯಲ್ಲಿ ಕಡಿತ ಮಾಡಬೇಕೆಂದು ವಾದಿಸುತ್ತಿದ್ದರು. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ಭಾರತದ ನಿಯೋಗದಲ್ಲಿ ಚೆಟ್ಟಿಯವರೂ ಸಿ. ಡಿ. ದೇಶಮುಖರೂ ಎ. ಡಿ. ಶ್ರಾಫ್ ಅವರೂ ಇದ್ದರು. ಈ ಬಾಕಿಯ ಪ್ರಶ್ನೆಯನ್ನು ಅಲ್ಲಿ ಎತ್ತಿದರೂ ಫಲ ಸಿಗಲಿಲ್ಲ.

1947ರಲ್ಲಿ ನೆಹರೂ ಅವರು ಮೊದಲ ಮಂತ್ರಿಮಂಡಲ ಕಟ್ಟಿದಾಗ, ಡಾ. ಅಂಬೇಡ್ಕರ್, ಶ್ಯಾಮಾಪ್ರಸಾದ್ ಮುಖರ್ಜಿಯವರಂತೆ ಚೆಟ್ಟಿಯವರೂ ಕಾಂಗ್ರೆಸ್ಸಿನ ಹೊರಗಿನಿಂದ ಬಂದರು. ಹದಿಮೂರು ವರ್ಷದ ಹಿಂದೆ ಕಾಂಗ್ರೆಸ್ಸೇ ಸೋಲಿಸಿದ್ದವರ ಕೈಗೆ ಖಜಾನೆಯ ಬೀಗದ ಕೈ ಬಂತು.

ನವೆಂಬರ್ 26ರಂದು ಅವರು ಮಂಡಿಸಿದ ಮೊದಲ ಬಜೆಟ್ಟು ಏಳೂವರೆ ತಿಂಗಳಿಗೆ ಮಾತ್ರ. ಆದಾಯ 171.15 ಕೋಟಿ, ಖರ್ಚು 197.39 ಕೋಟಿ, ಕೊರತೆ 26.24 ಕೋಟಿ ರೂಪಾಯಿ. ಖರ್ಚಿನಲ್ಲಿ 92.74 ಕೋಟಿ ರಕ್ಷಣೆಗೇ ಹೋಯಿತು. ಗಡಿ ದಾಟಿ ಬಂದ ನಿರಾಶ್ರಿತರಿಗೆ ನೆಲೆ ಆಗಬೇಕಿತ್ತು, ಪಡಿತರಕ್ಕೆ ಧಾನ್ಯ ತರಿಸಬೇಕಿತ್ತು. ಅಖಂಡ ಭಾರತದ ಸಾಲವನ್ನೆಲ್ಲ ಭಾರತ ತನ್ನ ತಲೆಯ ಮೇಲೆ ಹೊತ್ತು, ಪಾಕಿಸ್ತಾನ ತನ್ನ ಪಾಲನ್ನು ಕಂತುಗಳಲ್ಲಿ ಭಾರತಕ್ಕೆ ಕೊಡಬೇಕೆಂದು ಒಪ್ಪಂದವಾಯಿತು. ಪಾಕಿಸ್ತಾನಕ್ಕೆ ಸಲ್ಲಬೇಕಾಗಿದ್ದ ನಗದಿನಲ್ಲಿ ಉಳಿದ 55 ಕೋಟಿಯನ್ನು ಕಾಶ್ಮೀರದ ಯುದ್ಧದ ಕಾರಣ ಮಂತ್ರಿಮಂಡಲ ತಡೆಹಿಡಿಯಿತು. 1948ರ ಜನವರಿಯಲ್ಲಿ ಗಾಂಧೀಜಿ ಉಪವಾಸ ಕೂತ ಮೇಲೆ ಬಿಡುಗಡೆ ಮಾಡಿತು. ಆ ಹಣದ ಮೇಲಿನ ಜಗಳ ಇಂದಿಗೂ ನಿಂತಿಲ್ಲ.

1948ರ ಬೇಸಿಗೆಯಲ್ಲಿ ಚೆಟ್ಟಿಯವರು ಲಂಡನ್ನಿಗೆ ಹೋಗಿ ಸ್ಟರ್ಲಿಂಗ್ ಬಾಕಿಯ ಒಪ್ಪಂದ ಮಾಡಿಕೊಂಡು ಬಂದರು. ಬ್ರಿಟಿಷರು ಬಿಟ್ಟುಹೋದ ಸೈನ್ಯದ ಸಾಮಾನಿಗೆ 10 ಕೋಟಿ ಪೌಂಡು ಬಾಕಿಯಿಂದ ಮುರಿದುಕೊಂಡರು. ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೂ ದೊಡ್ಡ ಮೊತ್ತ ಎತ್ತಿಟ್ಟರು. ಮುಂದಿನ ಮೂರು ವರ್ಷಕ್ಕೆ 8 ಕೋಟಿ ಪೌಂಡು ಬಿಡುಗಡೆ ಎಂದಾಯಿತು. ಹಳೆಯ ಸಾಮಾನಿಗೆ ಇಷ್ಟು ಬೆಲೆಯೇ ಎಂದು ಕೇಳುವವರಿಗೂ ಕಾರಣವಿತ್ತು. ಚರ್ಚಿಲ್ ಕಡೆಯವರು ಕೇಳಿದ ಕಡಿತವಿಲ್ಲದೆ ಬಾಕಿಯನ್ನು ಬಾಕಿಯೆಂದು ಒಪ್ಪಿಸಿದ್ದೇ ದೊಡ್ಡದು ಎನ್ನುವವರಿಗೂ ಕಾರಣವಿತ್ತು. ಬದುಕೆಲ್ಲ ಲೆಕ್ಕದ ಪುಸ್ತಕದ ಮುಂದೆ ಕಳೆದ ನಮ್ಮಂಥವರಿಗೆ ಎರಡನೆಯದೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಕೊಡುವವನು ಇಲ್ಲವೆನ್ನದಂತೆ ಬಾಕಿಯನ್ನು ಬರವಣಿಗೆಯಲ್ಲಿ ಉಳಿಸಿಕೊಳ್ಳುವುದು ವಸೂಲಿಯ ಅರ್ಧ ಕೆಲಸ.

ಲಂಡನ್ನಿನಿಂದ ಬಂದು ತಿಂಗಳು ಕಳೆಯುವಷ್ಟರಲ್ಲಿ ಅವರ ಮಂತ್ರಿಗಿರಿ ಹೋಯಿತು. ಯುದ್ಧಕಾಲದಲ್ಲಿ ಕಾಳಸಂತೆಯಲ್ಲಿ ದುಡಿದು ತೆರಿಗೆ ತಪ್ಪಿಸಿದವರನ್ನು ಹಿಡಿಯಲು 1947ರಲ್ಲಿ ಒಂದು ಕಾಯಿದೆ ಮಾಡಿ, ಆದಾಯ ತೆರಿಗೆ ತನಿಖಾ ಆಯೋಗ ನೇಮಿಸಲಾಗಿತ್ತು. ಯಾರ ಲೆಕ್ಕ ಶೋಧಿಸಬೇಕೆಂದು ಸರ್ಕಾರ ಪಟ್ಟಿ ಮಾಡಿ ಆಯೋಗಕ್ಕೆ ಕಳುಹಿಸಬೇಕು. ಹೀಗೆ ಕಳುಹಿಸಿದ ಪ್ರಕರಣಗಳಲ್ಲಿ ಕೆಲವನ್ನು ಹಿಂತೆಗೆದುಕೊಂಡದ್ದು ಬಯಲಾಗಿ ಸಭೆಯಲ್ಲಿ ಗದ್ದಲವೆದ್ದಿತು. ಇಲಾಖೆಯಲ್ಲಿ ನಡೆದದ್ದಕ್ಕೆ ಮಂತ್ರಿಯೇ ಹೊಣೆಯೆಂದಾಗಿ, 1948ರ ಆಗಸ್ಟಿನಲ್ಲಿ ಚೆಟ್ಟಿಯವರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಜಾನ್ ಮಥಾಯಿ ಬಂದರು.

ಆಮೇಲೆ ಅಣ್ಣಾಮಲೈ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಕೆಲಸ ಮಾಡಿದರು. 1952ರಲ್ಲಿ ಯಾವ ಪಕ್ಷಕ್ಕೂ ಸೇರದೆ ಸ್ವತಂತ್ರರಾಗಿ ನಿಂತು ಮದರಾಸು ವಿಧಾನಸಭೆಗೆ ಗೆದ್ದರು. 1953ರ ಮೇ 5ರಂದು ತೀರಿಕೊಂಡರು. ಆಗ ಅವರಿಗೆ ಅರವತ್ತು ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ತೀರಿಕೊಂಡ ಮರುವರ್ಷ, 1954ರಲ್ಲಿ, ಸೂರಜ್‌ಮಲ್ ಮೋಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ 1947ರ ಕಾಯಿದೆಯ ಒಂದು ಮುಖ್ಯ ಭಾಗವನ್ನೇ ತೆಗೆದುಹಾಕಿತು. ಒಂದೇ ಬಗೆಯ ತೆರಿಗೆದಾರರಲ್ಲಿ ಕೆಲವರನ್ನು ಮಾತ್ರ ಆರಿಸಿ ಹೆಚ್ಚು ಕಠಿಣವಾದ ಶೋಧಕ್ಕೆ ಗುರಿಮಾಡುವುದು ಸಂವಿಧಾನದ ಸಮಾನತೆಗೆ ಸಲ್ಲದು ಎಂಬುದು ಕಾರಣ. ಪಟ್ಟಿಯಿಂದ ಕೆಲವರನ್ನು ಬಿಟ್ಟದ್ದಕ್ಕೆ ಒಬ್ಬ ಮಂತ್ರಿ ಹೋದರು. ಅಂಥ ಪಟ್ಟಿಯಲ್ಲಿ ಯಾರನ್ನು ಬೇಕಾದರೂ ಸೇರಿಸುವ ಅಧಿಕಾರವೇ ಸರಿಯಲ್ಲವೆಂದು ಆಮೇಲೆ ಕೋರ್ಟು ಹೇಳಿತು. ಆಗ ಸಭೆಯಲ್ಲಿ ಕೂಗಾಡಿದ್ದು ಬಿಟ್ಟ ಹೆಸರುಗಳ ಬಗ್ಗೆ. ಆರಿಸುವ ಅಧಿಕಾರಕ್ಕೆ ಮಿತಿಯೇನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೋರ್ಟಿನಲ್ಲಿ.

ಇಂದಿಗೂ ಮಾತು ಅಲ್ಲೇ ನಿಂತಿದೆ. 1885ರ ಟೆಲಿಗ್ರಾಫ್ ಕಾಯಿದೆ, 1898ರ ಅಂಚೆ ಕಾಯಿದೆ ಎರಡರ ಜಾಗಕ್ಕೂ 2023ರಲ್ಲಿ ಹೊಸ ಕಾಯಿದೆಗಳು ಬಂದಿವೆ. ಮಾತು ಕೇಳುವ, ಕಾಗದ ತಡೆಯುವ ಅಧಿಕಾರ ಹೊಸದರಲ್ಲೂ ಇದೆ. ಈ ಅಧಿಕಾರವನ್ನು ವಿರೋಧ ಪಕ್ಷದಲ್ಲಿದ್ದಾಗ ಬೈದವರು ಅಧಿಕಾರಕ್ಕೆ ಬಂದಾಗ ಬಿಟ್ಟುಕೊಟ್ಟದ್ದನ್ನು ನಾವು ಕಂಡಿಲ್ಲ. ಸಾಲದ ವಿಷಯವೂ ಹೀಗೆಯೇ. ತಮ್ಮ ಪಕ್ಷ ಮಾಡಿದರೆ ಅಭಿವೃದ್ಧಿ, ಎದುರಿನವರು ಮಾಡಿದರೆ ದಿವಾಳಿ.

ಚೆಟ್ಟಿಯವರು ಜಸ್ಟಿಸ್ ಪಕ್ಷದಲ್ಲಿದ್ದರು, ಸ್ವರಾಜ್ಯ ಪಕ್ಷದಲ್ಲಿದ್ದರು, ಕಾಂಗ್ರೆಸ್ಸಿಗೆ ಸೋತರು, ಕಾಂಗ್ರೆಸ್ ಸರ್ಕಾರದ ಬಜೆಟ್ಟು ಬರೆದರು, ಕೊನೆಗೆ ಸ್ವತಂತ್ರರಾದರು. ಪಕ್ಷದ ಹೆಸರಿನಿಂದ ಅವರನ್ನು ತೂಗಲು ಹೊರಟರೆ ತಕ್ಕಡಿ ನಿಲ್ಲುವುದೇ ಇಲ್ಲ. ಬಜೆಟ್ಟಿನ ಅಂಕಿಗಳನ್ನೂ ಸ್ಟರ್ಲಿಂಗ್ ಒಪ್ಪಂದವನ್ನೂ ಆ ಪಟ್ಟಿಯನ್ನೂ ಎದುರಿಗಿಟ್ಟು ನೋಡಿದರೆ ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಎಂದು ಹೇಳಬಹುದು.

ಮುಂದಿನ ಮಾಸಿಕ ಸಭೆಯಲ್ಲಿ ಇದೇ ವಿಷಯದ ಮೇಲೆ ಚರ್ಚೆ ಇಟ್ಟುಕೊಂಡಿದ್ದೇವೆ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದ ಕಂದಾಯ ರಸೀದಿ, ಪಡಿತರ ಚೀಟಿ, ಮತದಾರರ ಪಟ್ಟಿಯ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತರಬೇಕು, ನೋಡಿ ಅಂದೇ ಹಿಂತಿರುಗಿಸುತ್ತೇವೆ. ಮಾತನಾಡುವವರು ಪಕ್ಷದ ಹೆಸರು ಎತ್ತುವ ಮುನ್ನ ಒಂದು ಅಂಕಿಯನ್ನೋ ಒಂದು ಕಾಯಿದೆಯ ಹೆಸರನ್ನೋ ಹೇಳಬೇಕೆಂದು ಕಾರ್ಯಕಾರಿ ಸಮಿತಿ ಕೇಳಿಕೊಂಡಿದೆ. ಸಂಘದ ವರ್ಷದ ಜಮಾ ಖರ್ಚಿನ ಪುಸ್ತಕವನ್ನೂ ಅಂದು ಮೇಜಿನ ಮೇಲೆ ಇಟ್ಟಿರುತ್ತೇವೆ. ಯಾರು ಬೇಕಾದರೂ ತೆರೆದು ನೋಡಬಹುದು, ಪ್ರಶ್ನೆ ಕೇಳಬಹುದು.

ಎಲ್ಲರೂ ಕುಟುಂಬ ಸಮೇತ ಬರಬೇಕಾಗಿ ವಿನಂತಿ.

ಕಾರ್ಯದರ್ಶಿ